ಫೈಲಿಗೆ ಹಾಕಿದ ಬೈಂಡು

ನಮ್ಮ ದೊಡ್ಡಮ್ಮನ ಆಸ್ಪತ್ರೆ ಫೈಲಿಗೆ ಅಣ್ಣ ಕಂದು ಕಾಗದದ ಬೈಂಡು ಹಾಕಿದ್ದ. ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹಾಕುತ್ತೇವಲ್ಲ, ಹಾಗೆ. ಫೈಲಿನ ಮೇಲೆ ವಿಭಾಗದ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಅದು ಕಾಣಬಾರದಿತ್ತು. ದೊಡ್ಡಮ್ಮ ಅದನ್ನು ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, “ಫೈಲಿಗೂ ಬೈಂಡು ಹಾಕ್ತಾರೇನೋ?” ಅಂದಳು. “ಮಳೆಗಾಲ ಅಲ್ವೇನಮ್ಮ, ನೆನೀಬಾರದು ಅಂತ” ಅಂದ ಅಣ್ಣ. ಅವತ್ತು ಬೆಳಗ್ಗೆಯಿಂದ ಅದು ಅವನ ಎಷ್ಟನೇ ಸುಳ್ಳೋ.

ಅವಳಿಗಿದ್ದದ್ದು ಅಂಡಾಶಯದ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಹರಡಿಬಿಟ್ಟಿತ್ತು. ಮನೆಯವರೆಲ್ಲ ಸೇರಿ ಅದಕ್ಕೆ ಇಟ್ಟ ಹೆಸರು ‘ಗರ್ಭಕೋಶದ ಗಡ್ಡೆ’. ಹೊಟ್ಟೆಯಲ್ಲಿ ನೀರು ತುಂಬಿದರೆ ಗಡ್ಡೆ ಕಾರಣ, ಕೂದಲು ಉದುರಿದರೆ ಔಷಧಿ ಪವರ್ರು ಕಾರಣ. ಪ್ರತಿ ಸಲವೂ ಡಾಕ್ಟರ ರೂಮಿಗೆ ಮೊದಲು ಅಣ್ಣ ನುಗ್ಗಿ “ಅಮ್ಮಂಗೆ ಹೇಳ್ಬೇಡಿ ಸಾರ್” ಅಂದು ಬರುತ್ತಿದ್ದ, ಅವಳ ಸರದಿ ಆಮೇಲೆ. ಈ ಸುಳ್ಳಿನಲ್ಲಿ ನನ್ನ ಪಾಲೂ ಇದೆ. ಕೂದಲಿನ ಕಥೆ ನನ್ನದೇ.

ನಮ್ಮ ಕಡೆ ಈ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಕಡಿಮೆ. ‘ದೊಡ್ಡ ಕಾಯಿಲೆ’ ಅನ್ನುತ್ತಾರೆ. ರೇಡಿಯೇಷನ್‌ಗೆ ‘ಕರೆಂಟ್ ಕೊಡ್ತಾರೆ’ ಅನ್ನುತ್ತಾರೆ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಎಷ್ಟೋ ಜನರನ್ನು ಬದುಕಿಸಿ ಮನೆಗೆ ಕಳಿಸಿದೆ. ಆದರೂ ‘ಕಿದ್ವಾಯಿಗೆ ಬರ್ಕೊಟ್ರಂತೆ’ ಅಂದಮೇಲೆ ಹಳ್ಳಿಯಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಹೆಸರು ಕಿವಿಗೆ ಬಿದ್ದರೇ ಅರ್ಧ ಜೀವ ಹೋಗುತ್ತದೆ ಎಂಬ ಭಯ ಇರುವ ಕಡೆ ಮಗನೊಬ್ಬ ಫೈಲಿಗೆ ಬೈಂಡು ಹಾಕಿದರೆ ಅವನನ್ನು ಸುಳ್ಳುಗಾರ ಅಂದುಬಿಡುವುದು ಸುಲಭವಲ್ಲ.

ಭಯಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವಿದೆ. ಅದನ್ನು ಜನ ಹೊರಗೆ ಆಡುವುದಿಲ್ಲ. ರೋಗ ಇಂಥದ್ದು ಎಂದು ಗೊತ್ತಾದರೆ ಮನೆಯ ಹಿರಿಯರು ಮೊದಲು ಹಾಕುವುದು ದುಡ್ಡಿನ ಲೆಕ್ಕ. “ನಾನಂತೂ ಹೋಗೋಳು, ನನಗಾಗಿ ತೋಟ ಮಾರಬೇಡಿ” ಎಂದು ದೊಡ್ಡಮ್ಮ ಹಟ ಹಿಡಿಯುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಬಿಪಿಎಲ್ ಕಾರ್ಡಿದ್ದರೆ ಸರ್ಕಾರದ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎರಡೆಕರೆ ತೆಂಗಿನ ತೋಟವಿದ್ದು ಕಾರ್ಡಿಲ್ಲದವರ ಪಾಡು ಬೇರೆ. ಅಣ್ಣ ಸುಳ್ಳು ಹೇಳಿದ್ದು ಅವಳಿಗೆ ಚಿಕಿತ್ಸೆ ಕೊಡಿಸುವುದಕ್ಕಾಗಿ. ಇದನ್ನು ಪ್ರೀತಿ ಅನ್ನದೆ ಇನ್ನೇನನ್ನಲಿ? ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಆ ತೋಟದ ಅರ್ಧ ಅವಳ ಹೆಸರಿನಲ್ಲಿತ್ತು. ಅದನ್ನು ಮಾರಬೇಕೋ ಮೊಮ್ಮಕ್ಕಳಿಗೆ ಉಳಿಸಬೇಕೋ ಎಂದು ತೀರ್ಮಾನಿಸುವ ಹಕ್ಕು ಯಾರದು? ‘ಬೋರ್‌ವೆಲ್ ಸಾಲಕ್ಕೆ’ ಅಂದು ಅಣ್ಣ ಅವಳ ಕೈಯಲ್ಲಿ ಹೆಬ್ಬೆಟ್ಟಲ್ಲ, ನೆಟ್ಟಗೆ ರುಜು ಹಾಕಿಸಿಕೊಂಡ. ಸುಳ್ಳಿಗೆ ಸುಳ್ಳು ಮರಿ ಹಾಕುವುದು ಹೀಗೆ. ಕಾಯಿಲೆಯ ಬಗ್ಗೆ ಶುರುವಾದದ್ದು ನೋಂದಣಿ ಕಚೇರಿಗೆ ಬಂದು ನಿಂತಿತ್ತು.

ನಿಜ ಹೇಳುವವರ ಪಕ್ಷವೂ ಕಲೆಯಿಲ್ಲದ್ದಲ್ಲ. ಅಪ್ಪನ ಸ್ನೇಹಿತರೊಬ್ಬರು ರಿಟೈರಾದ ಮೇಷ್ಟ್ರು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ, ಹಿಂದಿನವರು ಭುಜದ ಮೇಲಿಂದ ಬಗ್ಗಿ ನೋಡುತ್ತಿರುವಾಗ, ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತದೆ ಅವರಿಗೆ ಹೇಳಿಬಿಟ್ಟರಂತೆ. ಎರಡು ನಿಮಿಷ. ಹೇಳಿದ್ದೆಲ್ಲ ನಿಜವೇ, ಒಂದಕ್ಷರ ಸುಳ್ಳಿರಲಿಲ್ಲ. ಮೇಷ್ಟ್ರು ಬ್ಯಾಂಕಿನ ನಾಮಿನಿ ಸರಿಮಾಡಿದರು, ಮಕ್ಕಳಿಗೆ ಪಾಲು ಬರೆದರು, ಹಳೇ ಜಗಳವಿದ್ದ ತಮ್ಮನ ಮನೆಗೆ ಹೋಗಿ ಊಟ ಮಾಡಿ ಬಂದರು. ಗೊತ್ತಿಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆದರೆ ಅವರು ನನ್ನ ಮುಂದೆ ಅಂದ ಮಾತು ಬೇರೆ: “ಸ್ವಲ್ಪ ತಡವಾಗಿ ಗೊತ್ತಾಗಿದ್ರೆ ಎರಡು ತಿಂಗಳು ನಿದ್ದೆಯಾದ್ರೂ ಬರ್ತಿತ್ತಮ್ಮ.” ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯಲ್ಲಿ ಒದೆ ಬೀಳುವುದು ಹೇಳಿದವನಿಗೆ. ಆಸ್ಪತ್ರೆಯಲ್ಲಿ ಅದು ಕೇಳಿಸಿಕೊಂಡವನಿಗೆ ಬೀಳುತ್ತದೆ.

ಮಹಾಭಾರತ ಈ ವಿಷಯದಲ್ಲಿ ನಮಗಿಂತ ಹುಷಾರು. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವೆನೆಂದು ವ್ರತ ಹಿಡಿದ ಆ ಬ್ರಾಹ್ಮಣ, ಪ್ರಾಣಭಯದಿಂದ ಓಡಿ ಅಡಗಿದವರ ಜಾಗವನ್ನು ಕಳ್ಳರು ಕೇಳಿದಾಗ ತೋರಿಸಿಬಿಡುತ್ತಾನೆ. ಅವರ ಕೊಲೆಯಾಗುತ್ತದೆ, ಇವನಿಗೆ ನರಕ. ಅದೇ ಗ್ರಂಥದಲ್ಲಿ ಧರ್ಮರಾಯ ಅಶ್ವತ್ಥಾಮನ ಹೆಸರಿನಲ್ಲಿ ಅರ್ಧ ಸುಳ್ಳಾಡಿದ್ದಕ್ಕೆ ನೆಲದಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥ ಮಣ್ಣಿಗಿಳಿಯುತ್ತದೆ. ಸುಳ್ಳಿನಿಂದ ಯುದ್ಧ ಗೆಲ್ಲಲು ಅನುಕೂಲವಾಯಿತು, ರಥ ಮಾತ್ರ ಮತ್ತೆ ಮೇಲೇಳಲಿಲ್ಲ. ಜರ್ಮನಿಯ ಕಾಂಟ್ 1797ರಲ್ಲಿ, ಬೆನ್ನಟ್ಟಿ ಬಂದ ಕೊಲೆಗಡುಕನಿಗೂ ಸುಳ್ಳು ಹೇಳಕೂಡದು ಎಂದು ವಾದಿಸಿದ. ಕೌಶಿಕನಿಗೆ ಅವನೊಬ್ಬನಾದರೂ ಜೊತೆಗಿದ್ದಾನೆ.

‘ಅಮೆರಿಕದಲ್ಲಿ ಎಲ್ಲವನ್ನೂ ಮುಖಕ್ಕೇ ಹೇಳುತ್ತಾರೆ, ನಮ್ಮದು ಬೇರೆ ಸಂಸ್ಕೃತಿ’ ಎಂಬ ಮಾತನ್ನು ನಾನೂ ನಂಬಿದ್ದೆ. ಅಲ್ಲಿನ ವೈದ್ಯ ಸಂಘ 1847ರಲ್ಲಿ ಮಾಡಿಕೊಂಡ ನೀತಿಸಂಹಿತೆ, ರೋಗಿಯ ಧೈರ್ಯ ಕುಂದಿಸುವ ಮಾತು ಆಡಬೇಡಿ, ಅಪಾಯವಿದ್ದರೆ ಅವನ ಆಪ್ತರಿಗೆ ಹೇಳಿ ಎಂದಿತ್ತು. ನಮ್ಮಣ್ಣ ಬರೆದ ಹಾಗಿದೆ. 1961ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿದಾಗ ನೂರಕ್ಕೆ ಸುಮಾರು 90 ಮಂದಿ ಕ್ಯಾನ್ಸರ್ ಎಂದು ಹೇಳದಿರುವುದೇ ಮೇಲು ಎಂದರು. 1979ರಲ್ಲಿ ಅದೇ ಪ್ರಶ್ನೆಯನ್ನು ಇನ್ನೊಂದು ಆಸ್ಪತ್ರೆಯಲ್ಲಿ ಕೇಳಿದಾಗ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟು ವರ್ಷದಲ್ಲಿ ಯಾವ ಸಂಸ್ಕೃತಿಯೂ ಅಡಿಮೇಲಾಗುವುದಿಲ್ಲ. ಆಗಿದ್ದು ಇಷ್ಟು: ರೋಗದ ಹೆಸರಿನ ಜೊತೆಗೆ ಹೇಳಲು ಒಂದಿಷ್ಟು ಚಿಕಿತ್ಸೆಯೂ ಸಿಕ್ಕಿತು, ದೇಹ ನನ್ನದು ಎನ್ನುವ ರೋಗಿಯೂ ಹುಟ್ಟಿಕೊಂಡ.

ನಮ್ಮ ಕಾನೂನಿನ ಕಾಲು ಮಾತ್ರ ಎರಡು ದೋಣಿಯಲ್ಲಿದೆ. 2002ರ ವೈದ್ಯಕೀಯ ನಡವಳಿಕೆ ನಿಯಮಗಳು ರೋಗದ ಗಂಭೀರತೆಯನ್ನು ಹಿಗ್ಗಿಸಲೂ ಬಾರದು ಕುಗ್ಗಿಸಲೂ ಬಾರದು ಎನ್ನುತ್ತವೆ. ಆದರೆ ತಿಳಿದಿರಬೇಕಾದದ್ದು ಯಾರಿಗೆ ಎಂಬಲ್ಲಿ ರೋಗಿ, ಸಂಬಂಧಿಕರು ‘ಅಥವಾ’ ಜವಾಬ್ದಾರಿಯುತ ಸ್ನೇಹಿತರು ಎಂದುಬಿಡುತ್ತವೆ. ಆ ‘ಅಥವಾ’ದಲ್ಲಿ ನಮ್ಮಂಥ ಸಾವಿರಾರು ಮನೆಗಳು ತೂರಿಕೊಂಡಿವೆ. ಇತ್ತ 2008ರಲ್ಲಿ ಸುಪ್ರೀಂ ಕೋರ್ಟು, ವಯಸ್ಕಳೊಬ್ಬಳು ಅರಿವಳಿಕೆಯಲ್ಲಿದ್ದಾಗ ಅವಳ ತಾಯಿಯ ಒಪ್ಪಿಗೆ ಪಡೆದು ಮಾಡಿದ ಶಸ್ತ್ರಚಿಕಿತ್ಸೆಗೆ ಆ ಒಪ್ಪಿಗೆ ಸಾಲದು ಎಂದಿತು. 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿಕೊಂಡಿತು. ಬದುಕುಳಿಯುವ ಭರವಸೆ ಇಲ್ಲದಾಗ ಯಂತ್ರಕ್ಕೆ ಹಾಕಬೇಡಿ ಎಂದು ಮೊದಲೇ ಬರೆದಿಡಬಹುದು. ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಸುತ್ತೋಲೆಯನ್ನೂ ಹೊರಡಿಸಿತು. ಗರ್ಭಕೋಶದ ಗಡ್ಡೆಯಾಗಿದೆ ಎಂದುಕೊಂಡವಳು ಅಂಥದ್ದೊಂದು ಪತ್ರ ಬರೆಯಲು ಯಾಕೆ ಕೂರುತ್ತಾಳೆ?

ಕ್ಯಾನ್ಸರ್ ವೈದ್ಯರು ಈಗ ಕಲಿಯುವ ಒಂದು ಕ್ರಮವಿದೆ: ಹೇಳುವ ಮೊದಲು, ‘ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತೆ? ಯಾರಿಗೆ ಹೇಳಲಿ?’ ಎಂದು ರೋಗಿಯನ್ನೇ ಕೇಳುವುದು. ನನಗಂತೂ ಇದು ಒಪ್ಪುವ ದಾರಿ. ‘ಮಗನಿಗೆ ಹೇಳಿ ಸಾರ್, ನನಗೆ ಬೇಡ’ ಎನ್ನುವವರಿಗೂ ಇದರಲ್ಲಿ ಜಾಗವಿದೆ, ಆಗ ಮೌನ ಸುಳ್ಳಾಗುವುದಿಲ್ಲ. ಅಣ್ಣ ಇದನ್ನೂ ಒಪ್ಪುವುದಿಲ್ಲ. “ಹಾಗೆ ಕೇಳಿದ್ರೇ ಗೊತ್ತಾಗೋಯ್ತಲ್ಲೇ. ನೆಗಡಿ ಬಂದೋರನ್ನ ಯಾರಾದ್ರೂ ಎಷ್ಟು ತಿಳ್ಕೋಬೇಕು ಅಂತ ಕೇಳ್ತಾರಾ?” ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಇನ್ನು ಮದುವೆಯ ವಿಷಯ. ಅಣ್ಣನ ಮಗಳಿಗೆ ಆಷಾಢಕ್ಕೆ ಮುಂಚೆಯೇ ಗಂಡು ಗೊತ್ತಾಗಿತ್ತು. ಶ್ರಾವಣದಲ್ಲಿ ಮುಗಿಸಿಬಿಡೋಣ ಎಂದು ನಾನಂದೆ. ಅಷ್ಟು ಅವಸರ ಮಾಡಿದರೆ ಅಮ್ಮನಿಗೆ ಅನುಮಾನ ಬರುತ್ತದೆ ಎಂದು ಅಣ್ಣ ಮಾಘಕ್ಕೆ ಇಟ್ಟ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾವು ಒಂದು ಸುಳ್ಳು ಉಳಿಸಿಕೊಳ್ಳಲು ಮದುವೆಯನ್ನೇ ಮುಂದೆ ಹಾಕಿದೆವು. ದೊಡ್ಡಮ್ಮ ಆ ನಾಲ್ಕು ತಿಂಗಳು ಆ ಮದುವೆಯಲ್ಲೇ ಬದುಕಿದಳು. ಇಂಜೆಕ್ಷನ್ ಆದ ಮೂರನೇ ದಿನಕ್ಕೆ ವಾಂತಿ ನಿಂತರೆ ಸಾಕು, ಕರೆಯಬೇಕಾದವರ ಪಟ್ಟಿ, ಕರೆಯದಿದ್ದರೆ ಸಿಟ್ಟಾಗುವವರ ಪಟ್ಟಿ. ಸೀರೆ ಅಂಗಡಿಯಲ್ಲಿ ತಲೆಗೆ ಸೆರಗು ಹೊದ್ದು ಕೂತು, ಜರಿ ತೆಳ್ಳಗಿದೆ ಎಂದು ಎಂಟುನೂರು ಇಳಿಸಿದಳು. ದಾರಿಯಲ್ಲಿ ಬರುತ್ತಾ ಇನ್ನೂ ಇನ್ನೂರು ಇಳಿಸಬಹುದಿತ್ತು ಎಂದು ಗೊಣಗಿದಳು. ಕಾರ್ತಿಕದಲ್ಲಿ ಹೋದಳು.

ಹೇಳಿದ್ದರೆ ಮೊಮ್ಮಗಳ ಧಾರೆ ನೋಡಿ ಹೋಗುತ್ತಿದ್ದಳು ಎಂಬುದು ನನ್ನ ಲೆಕ್ಕ. ಹೇಳಿದ್ದರೆ ಆ ಸೀರೆ ಅಂಗಡಿಗೆ ಅವಳು ಎದ್ದು ಬರುತ್ತಲೇ ಇರಲಿಲ್ಲ ಎಂಬುದು ಅಣ್ಣನ ಲೆಕ್ಕ. ಅವಳ ವರ್ಷಾಬ್ದಿಕದ ದಿನ ಎಡೆ ಎತ್ತಿದ ಮೇಲೆ ಇದೇ ಮಾತಿಗೆ ನಾವಿಬ್ಬರೂ ಜಗಳವಾಡಿದೆವು. ನಡುವೆ ಎದ್ದು ಹೋದ ಅಣ್ಣ ತೋಟದ ಪಹಣಿ ಹುಡುಕಲು ಬೀರು ತೆಗೆದ. ಬೈಂಡು ಹಾಕಿದ ಫೈಲು ಅಲ್ಲೇ ಇತ್ತು. ಮೂಲೆಯಲ್ಲಿ ಕಾಗದ ಹರಿದು ಒಳಗಿನ ಅಕ್ಷರ ಅರ್ಧ ಕಾಣುತ್ತಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಬಟ್ಟೆಗಳ ಅಡಿಗಿಟ್ಟು, ಬೀರು ಹಾಕಿದ.