ಗೃಹೋಪಯೋಗಿ ವಿಚಾರ: ಹಳೆಯ ಗಣಕಯಂತ್ರವೂ ಅದರೊಳಗಿನ ಬರಹವೂ

ಕಳೆದ ಬೇಸಗೆಯಲ್ಲಿ ಚಿತ್ತಾಪುರದ ಕಡೆಯಿಂದ ನಮ್ಮ ವಾಚಕರೊಬ್ಬರು ನಮಗೊಂದು ಪತ್ರವನ್ನು ಬರೆದಿದ್ದರು. ಅವರದು ಸನ್ನತಿಗೆ ಸಮೀಪವಾಗಿ ಭೀಮೆಯ ದಂಡೆಯ ಮೇಲಿರುವ ಒಂದು ಹಳ್ಳಿ. ಅವರ ತೀರ್ಥರೂಪರು ಬಹುಕಾಲ ಶಾಲೆಯಲ್ಲಿ ಮಾಸ್ತರರಾಗಿದ್ದು, ನಿವೃತ್ತರಾದ ಮೇಲೆ 2002ನೆಯ ಇಸವಿಯಲ್ಲಿ ಒಂದು ಗಣಕಯಂತ್ರವನ್ನು ಕೊಂಡು ತಂದರು. ತಮ್ಮ ಧರ್ಮಪತ್ನಿಯು ಹಾಡುತ್ತಿದ್ದ ಬೀಸುವ ಪದಗಳನ್ನೂ, ಊರಿನ ಹೊಲಗಳ ಹೆಸರುಗಳನ್ನೂ, ಜಾತ್ರೆಯಲ್ಲಿ ಯಾವ ಮನೆಯವರಿಗೆ ಯಾವ ಸೇವೆಯೆಂಬದನ್ನೂ ದಿನವೂ ಮುಂಜಾನೆ ಕುಳಿತು ಕನ್ನಡದಲ್ಲಿ ಬರೆದಿಟ್ಟರು. ಕೆಲ ವರ್ಷಗಳಲ್ಲಿ ಅವರು ತೀರಿಕೊಂಡರು. ಯಂತ್ರವು ಪಡಸಾಲೆಯ ಮೂಲೆಯಲ್ಲಿ ಹಳೆಯ ಸೀರೆಯ ತುಂಡನ್ನು ಹೊದ್ದು ಕುಳಿತುಬಿಟ್ಟಿತು.

“ನಾವು ಈಗ ಹೊಸ ಯಂತ್ರವನ್ನು ಕೊಂಡಿದ್ದೇವೆ,” ಎಂದು ಮಗನು ಬರೆದಿದ್ದರು. “ಅಪ್ಪನವರ ಕಾಲದ ವಿಂಡೋಸ್ 98ನ್ನು ಇದರಲ್ಲಿ ಹಾಕಿಸಿದರೆ ಅವರ ಬರಹವು ತೆರೆದೀತೇ? ಅಂಗಡಿಯವರು ಆಗದೆನ್ನುತ್ತಾರೆ, ಹಳೆಯದನ್ನು ಗುಜರಿಗೆ ಹಾಕಿರೆನ್ನುತ್ತಾರೆ. ಅವ್ವನಿಗೆ ಎಂಬತ್ತು ದಾಟಿದೆ.”

ಇದು ಒಂದೇ ಮನೆಯ ಸಂಗತಿಯಲ್ಲ. ಮನೆತನದ ವಂಶಾವಳಿ, ಮಠದ ಲೆಕ್ಕ, ಮಗಳ ಲಗ್ನಪತ್ರಿಕೆ, ತೀರಿಹೋದವರ ಅರ್ಧ ಬರೆದ ಕಾದಂಬರಿ, ಇಂಥವು ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥ ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ. ಆದಕಾರಣ ನಾವು ವಾಡಿ ಜಂಕ್ಷನ್ನಿನಲ್ಲಿ ಇಳಿದು, ಆ ಹಳ್ಳಿಗೆ ಸ್ವತಃ ಹೋಗಿ, ಅಲ್ಲಿ ಕಂಡುದನ್ನೂ ಕಲಿತುದನ್ನೂ, ನಾವು ಮಾಡಿದ ತಪ್ಪನ್ನೂ ಸಹ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಮೂಲ ವಿಷಯವನ್ನು ತಿಳಿಯತಕ್ಕದ್ದು. ಗಣಕಯಂತ್ರದ ಕಬ್ಬಿಣ-ತಂತಿಗಳ ಭಾಗವು ಬೇರೆ. ಅದನ್ನು ನಡೆಯಿಸುವ ಆಪರೇಟಿಂಗ್ ಸಿಸ್ಟಮೆಂಬ ವ್ಯವಸ್ಥೆಯು ಬೇರೆ. ಇವೆರಡೂ ಒಂದೇ ಕಾಲದವಾಗಿದ್ದರೆ ಮಾತ್ರ ಸಂಸಾರವು ಸುಖವಾಗಿ ಸಾಗುತ್ತದೆ. ಗದಗ-ಹೊಟಗಿ ರೈಲುದಾರಿಯು ಮೀಟರ್ ಗೇಜಾಗಿದ್ದ ಕಾಲವು ನಮ್ಮ ಹಿರಿಯ ವಾಚಕರಿಗೆ ನೆನಪಿರಬಹುದು. ಹೊಟಗಿಯಲ್ಲಿ ಗಂಟುಮೂಟೆ ಸಹಿತ ಇಳಿದು, ಬ್ರಾಡ್ ಗೇಜಿನ ಬೇರೊಂದು ಗಾಡಿಯನ್ನು ಹತ್ತಬೇಕಾಗುತ್ತಿತ್ತು. ಒಂದರ ಹಳಿಗಳ ನಡುವಿನ ಅಂತರವು 1000 ಮಿಲಿಮೀಟರು, ಇನ್ನೊಂದರದು 1676. ಗಾಡಿಯು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಹಳಿಯು ಎಷ್ಟೇ ಹೊಸದಾಗಿದ್ದರೂ, ಅಳತೆ ಕೂಡದಿದ್ದ ಮೇಲೆ ಓಟವಿಲ್ಲ. ಹಳೆಯ ವ್ಯವಸ್ಥೆಗೆ ಹೊಸ ಯಂತ್ರವನ್ನು ಕಟ್ಟುವಲ್ಲಿ ಇದೇ ತೊಡಕು. ಹೊಸದೆಂದರೆ ಹಳೆಯದಕ್ಕಿಂತ ಎಲ್ಲದರಲ್ಲಿಯೂ ಮೇಲು, ಅಂದಮೇಲೆ ಹಳೆಯ ಕೆಲಸವನ್ನು ಸುಲಭವಾಗಿಯೇ ಮಾಡೀತು ಎಂದು ನಾವೂ ಭಾವಿಸಿದ್ದೆವು.

ಆ ಭಾವನೆಯಿಂದಲೇ ಹಳ್ಳಿಗೆ ಹೋಗುವ ಮುಂಚೆ, ನಮ್ಮಲ್ಲಿದ್ದ 2010ರ ಸುಮಾರಿನ ಒಂದು ಯಂತ್ರದಲ್ಲಿ ವಿಂಡೋಸ್ 98ನ್ನು ಹೂಡಲು ಹೋದೆವು. ಅದರ ಮೆಮೊರಿ 2 ಜೀಬಿ, ಹಾರ್ಡ್ ಡಿಸ್ಕು 500 ಜೀಬಿ. ವಿಂಡೋಸ್ 98 ಹೊರಬಂದುದು 1998ರ ಜೂನಿನಲ್ಲಿ. ಅದು ಕೇಳುವ ಕನಿಷ್ಠ ಮೆಮೊರಿ 16 ಎಂಬಿ ಮಾತ್ರ. ಹೀಗಿದ್ದೂ ನಮ್ಮ ಯಂತ್ರವು ಮೆಮೊರಿ ಸಾಲದೆಂದು ಹೇಳಿ ನಿಂತುಬಿಟ್ಟಿತು! ಕಣಜ ತುಂಬಿದ ಮನೆಯಲ್ಲಿ ಅಕ್ಕಿಯಿಲ್ಲವೆಂದಂತಾಯಿತು. ಕಾರಣವಿಷ್ಟೆ: 512 ಎಂಬಿಗಿಂತ ಹೆಚ್ಚು ಮೆಮೊರಿಯನ್ನು ಕಂಡರೆ ಆ ವ್ಯವಸ್ಥೆಯು ತನ್ನ ಲೆಕ್ಕವನ್ನು ತಾನೇ ತಪ್ಪಿಸಿಕೊಳ್ಳುತ್ತದೆ. ಅದರ ಒಂದು ಕಡತದಲ್ಲಿ ಮಿತಿಯನ್ನು ಬರೆದು ಈ ದೋಷವನ್ನು ಒಂದಿಷ್ಟು ಸರಿಪಡಿಸಬಹುದು. ಆದರೆ ಒಂದು ಜೀಬಿಯನ್ನು ದಾಟಿದರೆ ಅದೂ ನೆಚ್ಚತಕ್ಕದ್ದಲ್ಲ.

ಮೆಮೊರಿಯ ತೊಡಕು ಮುಗಿಯಿತೆಂದರೆ ಡಿಸ್ಕಿನದು ಬಂದಿತು. ವಿಂಡೋಸ್ 98 ಐ.ಡಿ.ಇ. ಎಂಬ ಅಗಲ ಪಟ್ಟಿಯ ತಂತಿಯ ಡಿಸ್ಕನ್ನು ಬಲ್ಲದು. ಸಾಟಾ ಎಂಬ ಈಚಿನ ಕಿರುತಂತಿಯ ಪದ್ಧತಿಯನ್ನು ಅರಿಯದು. ಕೆಲವು ಯಂತ್ರಗಳ ಬಯಾಸಿನಲ್ಲಿ ಸಾಟಾ ಡಿಸ್ಕನ್ನು ಐ.ಡಿ.ಇ.ಯಂತೆ ತೋರಿಸುವ ಅನುಕೂಲವುಂಟು, ಅದನ್ನು ಆರಿಸಿದೆವು. ಆದರೆ 137 ಜೀಬಿಗಿಂತ ದೊಡ್ಡ ಡಿಸ್ಕನ್ನು ಆ ವ್ಯವಸ್ಥೆಯು ಪೂರ್ತಿಯಾಗಿ ಎಣಿಸಲಾರದು. ಆ ಮೇರೆಯನ್ನು ದಾಟಿ ಬರೆಯಹೋದರೆ ಮೊದಲಿನ ಬರಹದ ಮೇಲೆಯೇ ಬರೆದು ಎಲ್ಲವನ್ನೂ ಕೆಡಿಸುತ್ತದೆ. ಕೊನೆಗೆ ಹೇಗೋ ಪರದೆಯು ಬೆಳಗಿತು. ಆದರೆ ಹದಿನಾರೇ ಬಣ್ಣ, ಧ್ವನಿಯಿಲ್ಲ, ಜಾಲಸಂಪರ್ಕವಿಲ್ಲ. ಆ ಭಾಗಗಳನ್ನು ಮಾತಾಡಿಸುವ ಡ್ರೈವರೆಂಬ ದುಭಾಷಿಯನ್ನು ಅವುಗಳ ತಯಾರಕರು ವಿಂಡೋಸ್ 98ಕ್ಕಾಗಿ ಬರೆದೇ ಇರಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ನಮ್ಮ ಎರಡು ದಿನಗಳು ಕಳೆದವು.

ಸಾಂಪ್ರತ ದೊರೆಯುವ ಯಂತ್ರಗಳಲ್ಲಂತೂ ಇಷ್ಟೂ ಸಾಧ್ಯವಿಲ್ಲ. ಹಳೆಯ ಬಯಾಸಿನ ಬದಲಾಗಿ ಯು.ಇ.ಎಫ್.ಐ. ಎಂಬ ಬೇರೆ ಕ್ರಮವು ಬಂದಿದೆ. ಹಳೆಯದರಂತೆ ನಡೆದುಕೊಳ್ಳುವ ಅನುಕೂಲವೂ ಹೊಸ ಯಂತ್ರಗಳಿಂದ ಮರೆಯಾಗುತ್ತಿದೆ. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ಟಿನದಾದುದರಿಂದ, ಡಾಸ್ ಕಾಲದ 16 ಬಿಟ್ಟಿನ ತಂತ್ರಾಂಶಗಳು ಅದರ ಕೆಳಗೆ ನೇರವಾಗಿ ನಡೆಯವು. ಆದಕಾರಣ ಅಂಗಡಿಯವರು ಆಗದೆಂದುದರಲ್ಲಿ ಸುಳ್ಳಿರಲಿಲ್ಲ. ಗುಜರಿಗೆ ಹಾಕಿರೆಂದುದು ಮಾತ್ರ ಸಲ್ಲದ ಮಾತು.

ಹಾಗಾದರೆ ವಿಂಡೋಸ್ 98ಕ್ಕೆ ತಕ್ಕ ಜೋಡಿ ಯಾವುದು? ಪೆಂಟಿಯಂ 2 ಅಥವಾ ಪೆಂಟಿಯಂ 3 ಪ್ರೊಸೆಸರು. 128ರಿಂದ 512 ಎಂಬಿ ಮೆಮೊರಿ. 137 ಜೀಬಿಯೊಳಗಿನ ಐ.ಡಿ.ಇ. ಡಿಸ್ಕು, ಆ ವ್ಯವಸ್ಥೆಗೆಂದೇ ಡ್ರೈವರುಳ್ಳ ಚಿತ್ರದ ಕಾರ್ಡು. ಇಂಟೆಲ್ಲಿನ 440ಬಿಎಕ್ಸ್ ಚಿಪ್‌ಸೆಟ್ಟಿರುವ ಮದರ್‌ಬೋರ್ಡುಗಳು ಈ ಕೆಲಸಕ್ಕೆ ಹೆಸರಾದವು. ವಿಂಡೋಸ್ 95 ಬೇಕೆಂಬವರು ಇನ್ನೂ ಹಿಂದಕ್ಕೆ ಹೋಗಬೇಕು. 350 ಮೆಗಾಹರ್ಟ್ಸ್ ಹಾಗೂ ಮೇಲಿನ ವೇಗದ ಎ.ಎಂ.ಡಿ. ಕೆ6-2 ಪ್ರೊಸೆಸರಿನ ಮೇಲೆಯೇ ಅದು ಆರಂಭದಲ್ಲಿ ತಪ್ಪೊಪ್ಪಿಕೊಂಡು ನಿಲ್ಲುತ್ತಿತ್ತು. ವೇಗ ಹೆಚ್ಚಾದುದೇ ಅಲ್ಲಿಯ ರೋಗ!

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ವಿಶೇಷವುಂಟು. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳನ್ನು ತೋರಿಸಲು ಜಿಸ್ಟ್ ಎಂಬ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸುತ್ತಿದ್ದರು. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ವಿದ್ಯೆಯದು. ಕನ್ನಡವು ಆ ಕಾರ್ಡಿನಲ್ಲಿತ್ತೇ ಹೊರತು ಡಾಸಿನಲ್ಲಿರಲಿಲ್ಲ. ಅಂಥ ಹಳೆಯ ಕಾರ್ಡುಗಳನ್ನು ಸಿಕ್ಕಿಸುವ ಉದ್ದನೆಯ ಸೀಳುಗಳು 2000ದ ಸುಮಾರಿಗೆ ಹೊಸ ಮದರ್‌ಬೋರ್ಡುಗಳಿಂದ ಮರೆಯಾದವು. ಕೆಲವು ಅಚ್ಚಿನ ತಂತ್ರಾಂಶಗಳಾದರೋ ಪ್ರಿಂಟರಿನ ಪೋರ್ಟಿಗೆ ಒಂದು ಬೀಗದಂಥ ತುಂಡನ್ನು ಸಿಕ್ಕಿಸದೆ ತೆರೆಯುತ್ತಲೇ ಇರಲಿಲ್ಲ. ಅಂಥ ಪೋರ್ಟು ಈಗಿನ ಯಂತ್ರಗಳಲ್ಲಿಲ್ಲ. ಆದುದರಿಂದ ಹಳೆಯ ಪೆಟ್ಟಿಗೆಯನ್ನು ಮಾರುವ ಮುಂಚೆ ಅದರ ಹಿಂಬದಿಗೆ ಇಂಥ ತುಂಡೇನಾದರೂ ಅಂಟಿಕೊಂಡಿದೆಯೇ ಎಂದು ನೋಡತಕ್ಕದ್ದು.

ಇನ್ನು ಹಳ್ಳಿಯ ಮನೆಗೆ ಬರೋಣ. ಮಗನು ಯಂತ್ರದ ತಂತಿಯನ್ನು ಗೋಡೆಗೆ ಸಿಕ್ಕಿಸಲು ಕೈಯೆತ್ತಿದ್ದರು, ನಾವು ತಡೆದೆವು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ಥಟ್ಟನೆ ವಿದ್ಯುತ್ತು ಕೊಡಕೂಡದು. ಮುಚ್ಚಳವನ್ನು ತೆಗೆದಾಗ ಒಳಗೆಲ್ಲ ಬೂದಿಯಂಥ ಧೂಳು. ಶಹಾಬಾದಿನ ಫರಸಿಕಲ್ಲಿನ ಗಣಿಗಳೂ ವಾಡಿಯ ಸಿಮೆಂಟಿನ ಕಾರಖಾನೆಯೂ ಇರುವ ಸೀಮೆ. ಬೇಸಗೆಯ ಉಷ್ಣವು 40 ಡಿಗ್ರಿಯನ್ನು ಮೀರುವ ನಾಡು. ಮದರ್‌ಬೋರ್ಡಿನ ಮೇಲೆ ಉರುಳೆಯಾಕಾರದ ಕೆಪ್ಯಾಸಿಟರುಗಳಲ್ಲಿ ಮೂರರ ತಲೆಯು ಉಬ್ಬಿ ಒಡೆದಿತ್ತು. ಆ ಕೆಲ ವರ್ಷಗಳಲ್ಲಿ ತಯಾರಾದ ಎಷ್ಟೋ ಬೋರ್ಡುಗಳಿಗೆ ಈ ರೋಗವಿತ್ತು. ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯೂ ಸತ್ತಿತ್ತು. ಅದು ಸತ್ತರೆ ಯಂತ್ರವು ತನ್ನ ತಾರೀಖನ್ನೂ ಬಯಾಸಿನಲ್ಲಿ ಆರಿಸಿಟ್ಟುದನ್ನೂ ಮರೆತುಬಿಡುತ್ತದೆ. ಅದನ್ನು ಬದಲಿಸುವುದಕ್ಕೆ ಅಲ್ಪ ಖರ್ಚು ಸಾಕು. ಬೋರ್ಡಿನ ಕೆಲಸವು ಬಲ್ಲವರದು.

ಆದರೆ ನಮಗೆ ಬೇಕಾದುದು ಯಂತ್ರವೋ, ಬರಹವೋ? ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದರೆ ನಮ್ಮ ಎರಡು ದಿನಗಳು ಉಳಿಯುತ್ತಿದ್ದವು. ಬರಹವಿರುವುದು ಡಿಸ್ಕಿನಲ್ಲಿ. ವಿಂಡೋಸ್ 98 ಬಳಸುವ ಫ್ಯಾಟ್32 ಎಂಬ ಜೋಡಣೆಯ ಕ್ರಮವನ್ನು ಇಂದಿನ ಯಂತ್ರಗಳೂ ಬಲ್ಲವು. ಆದಕಾರಣ ನಾಲ್ಕು ತಿರುಪುಗಳನ್ನು ಬಿಚ್ಚಿ, ಡಿಸ್ಕನ್ನು ಹೊರತೆಗೆದು, ಐ.ಡಿ.ಇ.ಯನ್ನು ಯು.ಎಸ್.ಬಿ.ಗೆ ಕೂಡಿಸುವ ಸಣ್ಣ ತಂತಿಯ ಮೂಲಕ ಅವರ ಹೊಸ ಯಂತ್ರಕ್ಕೇ ಸೇರಿಸಿದೆವು. ಡಿಸ್ಕು ಗುರ್ರೆಂದು ತಿರುಗತೊಡಗಿತು. ಅದರ ಮೇಲೆ ಏನನ್ನೂ ಬರೆಯದೆ, ಮೊದಲು ಇದ್ದುದೆಲ್ಲವನ್ನೂ ಎರಡು ಕಡೆ ನಕಲು ಮಾಡಿಕೊಂಡೆವು. ಮೂರು ಕಡತಗಳು ಓದಲಾಗದಷ್ಟು ಕೆಟ್ಟಿದ್ದವು, ಉಳಿದುವೆಲ್ಲ ಬಂದವು.

ತೆರೆದು ನೋಡಿದರೆ ಕನ್ನಡವಿಲ್ಲ! ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚುಕ್ಕೆಗಳೂ ಕೊಂಬುಗಳೂ ಪುಟದ ತುಂಬ ಚೆಲ್ಲಿದ್ದವು. ಮಗನ ಮುಖವು ಬಾಡಿತು. ಇದರ ಕಾರಣವನ್ನೂ ವಾಚಕರು ತಿಳಿದಿರಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವಾಗಲಿ, ಆಗಿನ ಕಾಲಕ್ಕೆ ತಕ್ಕಂತೆ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷಿನ ಸಂಕೇತಗಳ ಸ್ಥಾನದಲ್ಲಿ ಕೂಡಿಸಿದ್ದವು. ಕಡತದಲ್ಲಿರುವುದು ಸಂಕೇತ, ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ಫಾಂಟಿಲ್ಲದೆಡೆ ಕನ್ನಡವೂ ಇಲ್ಲ. ಕನ್ನಡಕ್ಕೆ ತನ್ನದೇ ಸ್ಥಾನವನ್ನು ಕೊಟ್ಟ ಯೂನಿಕೋಡ್ 1991ರಲ್ಲಿಯೇ ಬಂದಿದ್ದರೂ, ವಿಂಡೋಸಿನಲ್ಲಿ ಅದು ಮನೆಮನೆಗೆ ಮುಟ್ಟುವ ದಾರಿ ತೆರೆದುದು 2001ರ ವಿಂಡೋಸ್ ಎಕ್ಸ್‌ಪಿಯ ತರುವಾಯ. ಹಳೆಯ ಡಿಸ್ಕಿನ ಫಾಂಟುಗಳ ಕೋಶದಿಂದಲೇ ನಾವು ಬೇಕಾದ ಫಾಂಟನ್ನು ತೆಗೆದು ಹೊಸ ಯಂತ್ರದಲ್ಲಿ ಹಾಕಿದೆವು. ಒಮ್ಮೆಲೇ ಪುಟವು ಕನ್ನಡವಾಯಿತು. ಬಳಿಕ ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿದೆವು. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ತಪ್ಪು ಉಳಿಯುವುದುಂಟು, ಕಣ್ಣಿಟ್ಟು ತಿದ್ದಬೇಕು.

ಹಳೆಯ ತಂತ್ರಾಂಶವೇ ನಡೆಯಬೇಕೆಂಬವರಿಗೆ ಇನ್ನೊಂದು ಉಪಾಯವುಂಟು. ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷವನ್ನು ಹಾಕುವ ತಂತ್ರಾಂಶಗಳಿವೆ: ಡಾಸಿಗೆ ಡಾಸ್‌ಬಾಕ್ಸ್, ಪೆಂಟಿಯಂ ಕಾಲದ ಮದರ್‌ಬೋರ್ಡನ್ನೇ ಅನುಕರಿಸುವ 86ಬಾಕ್ಸ್ ಮೊದಲಾದವು. ಅಲ್ಲಿ ಮೆಮೊರಿಯನ್ನೂ ಡಿಸ್ಕನ್ನೂ ನಾವೇ ಆ ಕಾಲದ ಅಳತೆಗೆ ಕೊಡಬಹುದಾದ್ದರಿಂದ ಗೇಜಿನ ತೊಡಕಿಲ್ಲ. ಜಿಸ್ಟ್ ಕಾರ್ಡಿನಂಥದನ್ನು ಅವಲಂಬಿಸಿದ ಬರಹಕ್ಕೆ ಮಾತ್ರ ಇದೂ ಸಾಲದು.

ಮರುದಿನ ಸನ್ನತಿಗೆ ಹೋಗಿ ಚಂದ್ರಲಾಂಬೆಯ ದರ್ಶನ ಮಾಡಿದೆವು. ಆ ಗುಡಿಯ ಆವರಣದ ಕಾಳಿಕಾ ಗುಡಿಯ ಮಾಡು 1980ರ ದಶಕದಲ್ಲಿ ಕುಸಿದ ತರುವಾಯ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವು ಬೆಳಕಿಗೆ ಬಂದಿತು. ಒಡಿಶಾದ ಧೌಲಿ, ಜೌಗಡಗಳಲ್ಲಿ ಕಂಡಿದ್ದ ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಯಾರೋ ಆ ಕಲ್ಲಿನ ನಡುವೆ ಚೌಕವಾಗಿ ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ಕೊರೆದವರು ಕೆಡುಕರಲ್ಲ, ಭಕ್ತರು. ಆದರೆ ಬ್ರಾಹ್ಮಿಯನ್ನು ಓದಬಲ್ಲವರು ಆಗ ಉಳಿದಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ ಮೇಲೆಯೇ ಅಂಥ ಕಲ್ಲುಗಳಿಗೆ ಮತ್ತೆ ಬಾಯಿ ಬಂದಿತು. ಕಲ್ಲಿನ ಬರಹವು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾದಿತು. ತಿರುಗುವ ಡಿಸ್ಕು ಅಷ್ಟು ಕಾಯದು. ಇಪ್ಪತ್ತು ವರ್ಷ ಕಾದುದೇ ಆ ಮನೆಯವರ ಪುಣ್ಯ.

ಆದಕಾರಣ ನಮ್ಮ ಅರಿಕೆಯಿಷ್ಟು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಮಾರುವ ಮುಂಚೆ ಡಿಸ್ಕನ್ನು ಬಿಚ್ಚಿಸಿಕೊಳ್ಳಿರಿ. ಯಾರಿಗೇ ಕೊಡಲಿ, ಫಾರ್ಮ್ಯಾಟ್ ಮಾಡಕೂಡದೆಂದು ಬರೆದು ಕೊಡಿರಿ. ಬರಹದೊಡನೆ ಅದರ ಫಾಂಟನ್ನೂ ಉಳಿಸಿರಿ. ಎರಡು ನಕಲುಗಳನ್ನು ಎರಡು ಮನೆಗಳಲ್ಲಿಡಿರಿ. ಮುಖ್ಯವಾದುದನ್ನು ಕಾಗದದ ಮೇಲೂ ಅಚ್ಚು ಮಾಡಿಸಿರಿ. ಕಾಗದಕ್ಕೆ ಯಾವ ಡ್ರೈವರೂ ಬೇಡ.

ನಾವು ಹೊರಡುವ ಮುನ್ನ ಮಗನು ಆ ವೃದ್ಧೆಯ ಎದುರಿಗೆ ಕುಳಿತು ಒಂದು ಬೀಸುವ ಪದವನ್ನು ಓದಿ ಹೇಳಿದರು. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದು, ನಡುವೆ ಕೈಯೆತ್ತಿ ತಡೆದರು.

“ತಡೀ ತಮ್ಮಾ, ಇಲ್ಲೊಂದು ನುಡಿ ಬಿಟ್ಟಾರ ನಿಮ್ಮಪ್ಪ. ಆವತ್ತು ನಾ ಹೇಳೂದ್ರಾಗ ಯಾರೋ ಬಂದ್ರು, ಎದ್ದು ಹೋದ್ರು.”

ಎಂದು ಆ ನುಡಿಯನ್ನು ತಾವೇ ಹೇಳಿದರು. ಮಗನು ಅದನ್ನು ಅದರ ಸ್ಥಳದಲ್ಲಿ ಬರೆದುಕೊಂಡರು.