ಬೆರೆಯುವ ಹೊಣೆ ವಲಸಿಗರದ್ದು ಮಾತ್ರವೇ?

ಕೆನಡಾದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ 2023ರ ಕೊನೆಗೆ 10 ಲಕ್ಷ ದಾಟಿತ್ತು. ಅವರಲ್ಲಿ ಸುಮಾರು ಶೇ 40ರಷ್ಟು ಮಂದಿ ಭಾರತೀಯರು. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಹೊಸ ವ್ಯಾಸಂಗ ಪರವಾನಗಿಗಳಿಗೆ ಶೇ 35ರಷ್ಟು ಕತ್ತರಿ ಹಾಕಿತು. ಬಾಡಿಗೆ ಏರಿದ್ದಕ್ಕೂ ಆಸ್ಪತ್ರೆಗಳಲ್ಲಿ ಸಾಲು ಬೆಳೆದಿದ್ದಕ್ಕೂ ಬೆರಳು ತೋರಿಸಿದ್ದು ಈ ವಿದ್ಯಾರ್ಥಿಗಳತ್ತಲೇ. ತಮ್ಮವರೊಂದಿಗೇ ಇರುತ್ತಾರೆ, ಸ್ಥಳೀಯರೊಂದಿಗೆ ಬೆರೆಯುವುದಿಲ್ಲ ಎಂಬ ಹಳೆಯ ದೂರೂ ಜೊತೆಗೂಡಿತು.

ಈ ದೂರನ್ನು ಒರೆಗೆ ಹಚ್ಚುವ ಸಿದ್ಧಾಂತವೂ ಕೆನಡಾದ್ದೇ. ಕ್ವೀನ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಬೆರಿ ಅವರ ಪ್ರಕಾರ ವಲಸಿಗರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ನನ್ನ ಸಂಸ್ಕೃತಿಯನ್ನು ಉಳಿಸಿಕೊಳ್ಳಲೇ? ಹೊಸ ಸಮಾಜದೊಂದಿಗೆ ಒಡನಾಡಲೇ? ಎರಡಕ್ಕೂ ಹೌದೆಂದರೆ ಸಮನ್ವಯ. ಒಡನಾಟಕ್ಕೆ ಮಾತ್ರ ಹೌದೆಂದರೆ ವಿಲೀನ, ತನ್ನತನಕ್ಕೆ ಮಾತ್ರವಾದರೆ ಪ್ರತ್ಯೇಕತೆ, ಎರಡೂ ಇಲ್ಲವಾದರೆ ಅಂಚಿನ ಬದುಕು. ಬೆರಿ ಮತ್ತು ಸಂಗಡಿಗರು 13 ದೇಶಗಳಲ್ಲಿ ನೆಲೆಸಿದ ವಲಸಿಗ ಹದಿಹರೆಯದವರನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಸಮನ್ವಯದ ಹಾದಿಯವರೇ ಹೆಚ್ಚು ನೆಮ್ಮದಿಯಿಂದಿದ್ದುದು ಕಂಡುಬಂತು.

ಆದರೆ ಈ ಸಿದ್ಧಾಂತದ ಅರ್ಧ ಭಾಗವಷ್ಟೇ ಜನಪ್ರಿಯವಾಯಿತು. ಆತಿಥೇಯ ಸಮಾಜ ಬಾಗಿಲು ತೆರೆದಿದ್ದರೆ ಮಾತ್ರ ಸಮನ್ವಯ ಸಾಧ್ಯ ಎಂದೂ ಬೆರಿ ಹೇಳಿದ್ದರು. ಹಲವು ಅಧ್ಯಯನಗಳನ್ನು ಒಟ್ಟಾಗಿಸಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ವ್ಯಕ್ತಿಯ ಒಲವಿಗೂ ಆತ ಹೊಂದಿಕೊಳ್ಳುವುದಕ್ಕೂ ಇರುವ ನಂಟು ದುರ್ಬಲ. ಹಾಗಿದ್ದರೆ ವಲಸಿಗರ ಮನಸ್ಸನ್ನಷ್ಟೇ ಕೆದಕಿದರೆ ಸಾಲದು. ಅವರು ಬಂದಿಳಿದ ಸಂಸ್ಥೆಯನ್ನೂ ನೋಡಬೇಕು.

ಕೆನಡಾದ ಒಂಟಾರಿಯೊ ಪ್ರಾಂತ್ಯ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ 10ರಷ್ಟು ಇಳಿಸಿ, ನಂತರ ಏರದಂತೆ ಅದೇ ಮಟ್ಟದಲ್ಲಿ ತಡೆಹಿಡಿಯಿತು. ಕೊರತೆ ತುಂಬಿಕೊಳ್ಳಲು ಕಾಲೇಜುಗಳು ಹಲವು ಪಟ್ಟು ಶುಲ್ಕ ತೆರುವ ವಿದೇಶಿಯರತ್ತ ತಿರುಗಿದವು. ಪ್ರವೇಶ ಹೆಚ್ಚಿದ ವೇಗದಲ್ಲಿ ಹಾಸ್ಟೆಲ್‌ಗಳು ಹೆಚ್ಚಲಿಲ್ಲ. ಕೆಲಸಗಾರರ ಕೊರತೆ ಕಾಡಿದಾಗ, 2022ರ ನವೆಂಬರ್‌ನಲ್ಲಿ, ಇದೇ ವಿದ್ಯಾರ್ಥಿಗಳು ಕ್ಯಾಂಪಸ್‌ನ ಹೊರಗೆ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದೆಂಬ ಮಿತಿಯನ್ನು ಸರ್ಕಾರ ತಾತ್ಕಾಲಿಕವಾಗಿ ತೆಗೆದುಹಾಕಿತು. ಓದಿಗಿಂತ ಕಾಯಂ ವಾಸದ ಆಸೆಯಿಂದಲೇ ಹೋದವರಿದ್ದರು, ಏಜೆಂಟರ ಮಾತಿಗೆ ಮರುಳಾದವರೂ ಇದ್ದರು ಎಂಬುದು ನಿಜ. ಆದರೆ ನೆಲಮಾಳಿಗೆಯ ಕೋಣೆಯನ್ನು ನಾಲ್ಕೈದು ಮಂದಿ ಹಂಚಿಕೊಂಡು ರಾತ್ರಿ ಪಾಳಿ ಮುಗಿಸಿ ತರಗತಿಗೆ ಓಡುವವರಿಗೆ, ಬೆರೆಯಲು ಬಿಡುವಾದರೂ ಎಲ್ಲಿತ್ತು? ಆದಾಯದ ಮೂಲಕ್ಕೆ ವೈವಿಧ್ಯವೆಂಬ ಗೌರವದ ಹೆಸರು ಕೊಟ್ಟಿದ್ದೇ ಅಲ್ಲಿನ ತಪ್ಪು.

ನಮ್ಮಲ್ಲೂ ಬೆರೆಯುವಿಕೆಯ ಈ ಪ್ರಶ್ನೆ ಇದೆ. 2012ರ ಆಗಸ್ಟ್‌ನಲ್ಲಿ ದಾಳಿ ನಡೆಯಲಿದೆ ಎಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ವರ್ಷಗಟ್ಟಲೆ ಇಲ್ಲಿದ್ದವರಿಗೆ ಧೈರ್ಯ ಹೇಳುವಷ್ಟು ಹತ್ತಿರದ ಸ್ಥಳೀಯರು ಇರಲಿಲ್ಲವೇ? ಹೊರಗಿನವರು ಕನ್ನಡ ಕಲಿಯಲಿ ಎಂಬ ನಿರೀಕ್ಷೆ ನ್ಯಾಯವಾದದ್ದೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯದಲ್ಲಿರುವ ‘ಬಳಕೆ ಕನ್ನಡ’ ಎಂಬ ವಿಷಯ ಒಳ್ಳೆಯ ಹೆಜ್ಜೆ. ಆದರೆ ಪರೀಕ್ಷೆಗಾಗಿ ಕಲಿತ ಭಾಷೆ ಹಾಸ್ಟೆಲ್‌ನಲ್ಲಿ, ಪ್ರಾಜೆಕ್ಟ್ ತಂಡದಲ್ಲಿ ಕಿವಿಗೆ ಬೀಳದಿದ್ದರೆ ಅಂಕಪಟ್ಟಿಯಲ್ಲೇ ಉಳಿಯುತ್ತದೆ.

ಎಷ್ಟು ದೇಶ, ಎಷ್ಟು ರಾಜ್ಯಗಳ ವಿದ್ಯಾರ್ಥಿಗಳಿದ್ದಾರೆಂದು ವಿಶ್ವವಿದ್ಯಾಲಯಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅವರಲ್ಲಿ ಎಷ್ಟು ಮಂದಿಗೆ ವಸತಿ ಸಿಕ್ಕಿದೆ, ಎಷ್ಟು ಮಂದಿ ನಡುವೆಯೇ ಓದು ಬಿಟ್ಟರು, ಆಪ್ತ ಸಮಾಲೋಚಕರು ಎಷ್ಟಿದ್ದಾರೆ ಎಂಬುದನ್ನೂ ಅದೇ ಪುಟದಲ್ಲಿ ಪ್ರಕಟಿಸಲಿ. ಯಾರು ಬೆರೆಯಲಿಲ್ಲ ಎಂಬ ವಾದ ಆಮೇಲಿನದು.