ಎಂಬತ್ತಕ್ಕೆ ಒಪ್ಪಿಸಿ ಎದ್ದು ಹೋಗುವುದು ಚೌಕಾಸಿಯಲ್ಲ

ವಿದೇಶಕ್ಕೆ ಹೋಗಿ ಬಂದವರು ಹೇಳುವ ಮೊದಲ ಸಾಹಸ ಯಾವುದು ಗೊತ್ತಲ್ಲ? ನೋಡಿದ ದೇವಸ್ಥಾನವಲ್ಲ, ಕಡಲೂ ಅಲ್ಲ. 'ಐನೂರು ಅಂದಿದ್ದ, ನೂರೈವತ್ತಕ್ಕೆ ಎಳ್ಕೊಂಡ್ ಬಂದೆ.' ಮೊಬೈಲ್ ತೆಗೆದರೆ ಇದನ್ನೇ ಕಲಿಸುವ ವಿಡಿಯೊಗಳು. ಹೇಳಿದ ಬೆಲೆಯ ಅರ್ಧ ಕೇಳಿ, ಅದರಲ್ಲೂ ಅರ್ಧ ಕೇಳಿ, ಒಪ್ಪದಿದ್ದರೆ ನಡೆದುಬಿಡಿ, ಹಿಂದಿನಿಂದ ಕೂಗಿ ಕರೆಯುತ್ತಾರೆ. ಈ ಬುದ್ಧಿವಾದದ ಮೇಲೆ ನಮಗೆ ತಕರಾರಿದೆ.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಎಂದ ಮೇಲೆ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೂ ಬ್ಯಾಂಕಾಕ್ ಕೈಗೆಟುಕುವ ಊರಾಯಿತು. ಡಿಪ್ಲೊಮಾ ಕಾಲದ ಮೂವರು ಗೆಳೆಯರು ಚೀಟಿ ಹಣ ಎತ್ತಿ ಒಂದು ಗುಂಪಿನ ಜೊತೆ ಹೊರಟೆವು. ಶನಿವಾರ ಚಟುಚಕ್ ಸಂತೆ. 1982ರಲ್ಲಿ ಸನಾಮ್ ಲುವಾಂಗ್ ಮೈದಾನದಿಂದ ಈಗಿನ ಜಾಗಕ್ಕೆ ಬಂದ ಸಂತೆ ಇದು. 27 ವಿಭಾಗ, ಸಾವಿರಾರು ಅಂಗಡಿ. ನಮ್ಮೂರ ಸಂತೆಯನ್ನು ನೂರು ಸಲ ಮಡಚಿ ಬಿಚ್ಚಿದ ಹಾಗೆ. ಜಾಗ ಅಲ್ಲಿನ ರೈಲ್ವೆಯದು, ಅಂಗಡಿಯವರು ಬಾಡಿಗೆಗಿದ್ದಾರೆ. ಬಟ್ಟೆಬರೆಯ ಚಿಲ್ಲರೆ ವ್ಯಾಪಾರ ಹೆಚ್ಚಾಗಿ ಶನಿವಾರ, ಭಾನುವಾರ. ಬಾಡಿಗೆ ಮಾತ್ರ ಇಡೀ ತಿಂಗಳಿನದು.

ನಮ್ಮ ಗುಂಪಿನಲ್ಲಿ ನಮ್ಮದೇ ಜಿಲ್ಲೆಯ ಗೊಬ್ಬರದ ವ್ಯಾಪಾರಿಯೊಬ್ಬರಿದ್ದರು. ಆನೆ ಚಿತ್ರದ ಪ್ಯಾಂಟಿನ ಅಂಗಡಿ ಮುಂದೆ ನಿಂತರು. ಅಂಗಡಿಯ ಹೆಂಗಸು ಕ್ಯಾಲ್ಕುಲೇಟರ್‌ನಲ್ಲಿ 150 ಒತ್ತಿ ತೋರಿಸಿದರು. ಇವರು 50 ಒತ್ತಿದರು. ಆಕೆ ನಕ್ಕು 130. ಇವರು 60. ಆಕೆ 100. ಇವರು 80. ಆಕೆ ಒಂದು ಗಳಿಗೆ ಯೋಚಿಸಿ ತಲೆಯಾಡಿಸಿ ಪ್ಯಾಂಟನ್ನು ಮಡಚಿ ಕವರಿಗೆ ಹಾಕತೊಡಗಿದರು. ಆಗ ನಮ್ಮವರು 'ಬೇಡ' ಅಂತ ಕೈಯಾಡಿಸಿ ಹೊರಟೇಬಿಟ್ಟರು. 'ಎಷ್ಟಕ್ಕೆ ಇಳೀತಾಳೆ ನೋಡೋಣ ಅಂತ ಕೇಳ್ದೆ ಅಷ್ಟೆ' ಎಂದು ನಮಗೆ ಕನ್ನಡದಲ್ಲಿ ವಿವರಣೆ. ಆಕೆ ಏನೂ ಅನ್ನಲಿಲ್ಲ. ಕವರಿನಿಂದ ಪ್ಯಾಂಟ್ ತೆಗೆದು ಮತ್ತೆ ಗೂಟಕ್ಕೆ ಸಿಗಿಸಿದರು. ನಾವೂ ಬಾಯಿ ಬಿಡಲಿಲ್ಲ.

ಇದೇ ಮನುಷ್ಯರ ಅಂಗಡಿಯಲ್ಲಿ, ಗಲ್ಲಾದ ಮೇಲೆ, 'ಒಂದೇ ದರ, ಚೌಕಾಸಿ ಇಲ್ಲ' ಎಂಬ ಬೋರ್ಡಿದೆ.

ಹಾಗಂತ 'ಬಡವರ ಹತ್ತಿರ ಚೌಕಾಸಿ ಮಾಡಬೇಡಿ' ಎಂದು ಕಣ್ಣೀರು ಹಾಕುವ ಪೋಸ್ಟ್‌ಗಳ ಪರ ನಾವಿಲ್ಲ. ಪ್ರವಾಸಿಗರಿಗೆ ಬೆಲೆ ಏರಿಸಿ ಹೇಳುತ್ತಾರೆ, ನಿಜ. ಕೇಳಿ ಇಳಿಸಲಿ ಎಂದೇ ಏರಿಸುತ್ತಾರೆ. ಕೇಳದೆ ಕೊಟ್ಟು ಬರುವುದರಲ್ಲಿ ಔದಾರ್ಯಕ್ಕಿಂತ 'ಪಾಪ' ಎನ್ನುವ ದೊಡ್ಡಸ್ತಿಕೆ ಜಾಸ್ತಿ. ಆಕೆ ಭಿಕ್ಷೆಗೆ ಕೂತಿಲ್ಲ, ವ್ಯಾಪಾರಕ್ಕೆ ಕೂತಿದ್ದಾರೆ.

ಚೌಕಾಸಿ ನಮಗೇನು ಹೊಸದಲ್ಲ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನಾವು ಎಷ್ಟೋ ಸಲ ವರದಿ ಮಾಡಿದ್ದೇವೆ. ಸುತ್ತ ನಿಂತವರಿಗೆ ಸಂಖ್ಯೆ ಕಾಣಬಾರದು, ಕೇಳಿದವನಿಗೂ ಹೇಳಿದವನಿಗೂ ಮುಖಭಂಗ ಆಗಬಾರದು. ಬ್ಯಾಂಕಾಕಿನ ಕ್ಯಾಲ್ಕುಲೇಟರ್ ಅದೇ ಟವೆಲ್. ಭಾಷೆ ಬರದಿದ್ದರೂ ನಡೆಯುತ್ತದೆ, ದನಿ ಎತ್ತಬೇಕಿಲ್ಲ. ಸಾರ್ವಜನಿಕವಾಗಿ ದನಿ ಎತ್ತುವುದು ಅಲ್ಲಿ ಎತ್ತಿದವನಿಗೇ ಅವಮಾನ. ನಾವು ಕಲಿತ ಒಂದೇ ವಾಕ್ಯ 'ಲೊತ್ ದಾಯ್ ಮಾಯ್', ಕಡಿಮೆ ಮಾಡಬಹುದಾ ಅಂತ. ಕೊನೆಗೆ ಗಂಡಸಾದರೆ 'ಖ್ರಾಪ್', ಹೆಂಗಸಾದರೆ 'ಖಾ' ಸೇರಿಸಬೇಕು. ನಮ್ಮ 'ರೀ', 'ಅಕ್ಕಾ' ಇದ್ದ ಹಾಗೆ. ಅದಿಲ್ಲದೆ ಕೇಳಿದರೆ ಒರಟು.

ಬೋಣಿಯೂ ಅಲ್ಲಿದೆ! ದಿನದ ಮೊದಲ ವ್ಯಾಪಾರದ ನೋಟನ್ನು ಸರಕಿನ ಮೇಲೆಲ್ಲ ತಟ್ಟಿಕೊಂಡು ಬರುವುದನ್ನು ನೋಡಿ ನಮಗೆ ಊರ ತರಕಾರಿ ಅಂಗಡಿ ನೆನಪಾಯಿತು. ಊಟದ ಗಾಡಿಯಲ್ಲಿ ಚೌಕಾಸಿ ಇಲ್ಲ. ಬೆಲೆ ಬರೆದು ತೂಗುಹಾಕಿದ್ದಲ್ಲಿ ಸ್ವಲ್ಪವೇ ಇಳಿಯುತ್ತದೆ, ಎರಡು ಮೂರು ಒಟ್ಟಿಗೆ ತಗೊಂಡರೆ ತಾನಾಗಿ ಇಳಿಯುತ್ತದೆ. ಇಷ್ಟು ತಿಳಿದರೆ ಸಾಕು, ವಿಡಿಯೊ ಬೇಕಿಲ್ಲ.

ಆದರೆ ಹೇಳಿದ ಬೆಲೆಗೆ ಎದುರಿನವರು ಒಪ್ಪಿದ ಮೇಲೆ ಎದ್ದು ಹೋಗುವುದು? ಟವೆಲ್ ಕೆಳಗೆ ಬೆರಳು ಒತ್ತಿ ಒಪ್ಪಿಸಿ ಎತ್ತು ಬೇಡ ಎಂದವನನ್ನು ನಮ್ಮ ಜಾತ್ರೆಯಲ್ಲಿ ಯಾರೂ ಜಾಣ ಅನ್ನುವುದಿಲ್ಲ. ಅವನ ಕೈಗೆ ಮರುವರ್ಷ ಯಾರೂ ಕೈ ಕೊಡುವುದಿಲ್ಲ. ಬ್ಯಾಂಕಾಕಿನಲ್ಲಿ ಮರುವರ್ಷವಿಲ್ಲ, ನಮ್ಮ ಹೆಸರೂ ಅವರಿಗೆ ಗೊತ್ತಿಲ್ಲ. ಧೈರ್ಯ ಬರುವುದು ಅಲ್ಲಿಂದಲೇ. ಹೆಸರಿನ ಬದಲು 'ಇಂಡಿಯಾದವರು' ಅಂತ ಉಳಿಯುತ್ತದೆ, ಅದರ ಫಲ ಮುಂದೆ ಬರುವವನಿಗೆ.

ನಮಗೆ ಇಷ್ಟು ಉರಿಯಲು ಕಾರಣವಿದೆ. ನಾವು ಸುದ್ದಿಗೆ ಇಷ್ಟು ಎಂದು ದುಡಿಯುವವರು. ಮೇಲಿನಿಂದ ಫೋನ್ ಬರುತ್ತದೆ, 'ಕೆರೆ ಹೂಳಿನ ಬಗ್ಗೆ ಒಂದು ಕಳಿಸಿ, ಫೋಟೊ ಸಮೇತ.' ನಲವತ್ತು ಕಿಲೋಮೀಟರ್ ಬೈಕ್ ಓಡಿಸಿ, ನಾಲ್ಕು ಜನರನ್ನು ಮಾತಾಡಿಸಿ ಕಳಿಸುತ್ತೇವೆ. ಪುಟದಲ್ಲಿ ಜಾಗವಿಲ್ಲ ಎಂದು ಬಿಡುತ್ತಾರೆ. ಅಚ್ಚಾಗದ್ದಕ್ಕೆ ದುಡ್ಡಿಲ್ಲ, ಪೆಟ್ರೋಲಿಗೂ ಇಲ್ಲ. ಯಾರೂ ದನಿ ಎತ್ತುವುದಿಲ್ಲ, ಎಲ್ಲ ಮರ್ಯಾದೆಯಿಂದಲೇ ನಡೆಯುತ್ತದೆ. ಕವರಿನಿಂದ ಪ್ಯಾಂಟ್ ಹೊರತೆಗೆದ ಆ ಕೈಗಳನ್ನು ನೋಡಿದಾಗ ಮೂವರಿಗೂ ನೆನಪಾದದ್ದು ಒಂದೇ.

80ಕ್ಕೂ 100ಕ್ಕೂ ಇರುವ ಅಂತರ 20 ಬಾತ್, ನಮ್ಮ ಲೆಕ್ಕದಲ್ಲಿ ಐವತ್ತರವತ್ತು ರೂಪಾಯಿ. ವಿಮಾನ ನಿಲ್ದಾಣದಲ್ಲಿ ಒಂದು ಲೋಟ ಕಾಫಿಗೆ ಇದರ ಎಷ್ಟೋ ಪಟ್ಟು ತೆತ್ತಾಗ ನಮ್ಮ ವ್ಯಾಪಾರಿ ಕ್ಯಾಲ್ಕುಲೇಟರ್ ಕೇಳಿರಲಿಲ್ಲ.

ನಾವು ಅದೇ ಅಂಗಡಿಗೆ ವಾಪಸ್ ಹೋದೆವು. ಮೂರು ಪ್ಯಾಂಟಿಗೆ ಎಷ್ಟು ಎಂದರೆ 360 ಒತ್ತಿದರು. ನಾವು 300 ಒತ್ತಿದೆವು. 240ಕ್ಕೂ ಕೊಡುತ್ತಿದ್ದರೇನೋ, ಎದುರಲ್ಲೇ ನೋಡಿದ್ದೆವಲ್ಲ. ಕೇಳಲು ಬೆರಳು ಬರಲಿಲ್ಲ. ಪಾಪ ಎನ್ನುವವರನ್ನು ಬೈದ ನಾವೇ ಹಾಗೆ ಮಾಡಿದೆವು ಎಂದು ನೀವು ಅಂದರೆ ಉತ್ತರವಿಲ್ಲ. ಆಕೆ ತಲೆಯಾಡಿಸಿ, ಕವರಿಗೆ ಹಾಕಿ, ಮೇಲೊಂದು ಬಟ್ಟೆಯ ಪುಟ್ಟ ಆನೆ ಕೀಚೈನ್ ಸೇರಿಸಿದರು. ಕೇಳದೆ ಸಿಕ್ಕ ಕೊಸರು.

ಬಸ್ಸಿನಲ್ಲಿ ನಮ್ಮವರು ಕವರ್ ನೋಡಿ ಕೇಳಿದರು, 'ಎಷ್ಟಕ್ಕೆ ಬಂತು?'

'ನೂರಕ್ಕೊಂದು.'

'ಎಂಬತ್ತಕ್ಕೆ ಇಳಿಸಿ ಕೊಟ್ಟಿದ್ನಲ್ರೀ. ಮೋಸ ಹೋದ್ರಿ.'